ಬರೀ ಉತ್ತರ ಕೊಟ್ಟರೆ ಹೊಲ ಬರಲ್ಲ: ಪುಣೆಯ ದಫ್ತರದಿಂದ ಕೌಂಟರ್ ಕ್ಲೇಮ್‌ವರೆಗೆ

ಈ ಸಲದ ವಿಡಿಯೋ ಉದ್ದ ಆಯ್ತು, ಮಧ್ಯದಲ್ಲಿ ನಾನು ಎರಡು ಮೂರು ಕಡೆ ತಡವರಿಸಿದ್ದೀನಿ ಕೂಡ. ಅದಕ್ಕೇ ಇಲ್ಲಿ ಬರಹದಲ್ಲಿ ಸ್ವಲ್ಪ ಸರಿಮಾಡಿ ಹಾಕ್ತಿದ್ದೀನಿ. ಮೊದಲೇ ಹೇಳಿಬಿಡ್ತೀನಿ, ನಾನು ವಕೀಲ ಅಲ್ಲ. ಹಿಂಜವಡಿಯಲ್ಲಿ ಕೋಡ್ ಬರೆಯುವವನು. ನಮ್ಮನೆ ಕೇಸು ನನ್ನನ್ನು ಈ ಇತಿಹಾಸಕ್ಕೆ ಎಳೆದು ತಂದಿತು, ಅಷ್ಟೇ.

ಧಾರವಾಡ ಜಿಲ್ಲೆಯಲ್ಲಿ ನಮ್ಮದು 4 ಎಕರೆ 12 ಗುಂಟೆ ಯರಿ ಹೊಲ. ಮನೆಯಲ್ಲಿ ಅದಕ್ಕೆ ಕೆರಿ ಹೊಲ ಅಂತಾರೆ. ಅಪ್ಪನಿಗೂ ಕಾಕಾನಿಗೂ ವಾಟ್ನಿ ಆದಾಗ ಅದು ಅಪ್ಪನ ಪಾಲಿಗೆ ಬಂತು. ಅಪ್ಪ ನೌಕರಿ ಅಂತ 1998ರಲ್ಲಿ ಹುಬ್ಬಳ್ಳಿಗೆ ಹೋದರು, ಹೊಲ ಕಾಕಾನೇ ಉಳುತ್ತಿದ್ದರು. 2011ರ ಜೂನ್‌ನಲ್ಲಿ ಉತಾರದಲ್ಲಿ ಕಾಕಾನ ಹೆಸರು ಬಂತು. 2019ರಲ್ಲಿ ಕಾಕಾನೇ ಕೋರ್ಟಿಗೆ ಹೋದರು: ಹೊಲ ನನ್ನ ಕಬ್ಜಾದಲ್ಲಿದೆ, ಅಣ್ಣ ಅಡ್ಡಿ ಮಾಡಬಾರದು, ತಡೆಯಾಜ್ಞೆ ಕೊಡಿ ಅಂತ. ನಮ್ಮ ಕಡೆಯಿಂದ ಒಂದು ಲಿಖಿತ ಹೇಳಿಕೆ ಹೋಯಿತು. ಎಲ್ಲಾ ಸುಳ್ಳು, ದಾವೆ ವಜಾ ಮಾಡಿ ಅಂತ ಆರು ಪುಟ. ಪಿಡಿಎಫ್ ವಾಟ್ಸಾಪ್‌ನಲ್ಲಿ ಬಂದಾಗ ನಾನು ರಿಲೀಸ್ ಗಡಿಬಿಡಿಯಲ್ಲಿದ್ದೆ. ಓದಿ, ಚೆನ್ನಾಗಿದೆ ಅಂತ ಹೆಬ್ಬೆರಳಿನ ಚಿತ್ರ ಒತ್ತಿದೆ.

ಆ ಆರು ಪುಟದಲ್ಲಿ ಒಂದು ಸಾಲು ಇರಲಿಲ್ಲ. ಹೊಲ ನಮ್ಮದು ಅಂತ ಘೋಷಿಸಿ, ಕಬ್ಜಾ ನಮಗೆ ಕೊಡಿಸಿ ಅಂತ ಎಲ್ಲೂ ಕೇಳಿರಲಿಲ್ಲ. ನಾವು ಉತ್ತರ ಕೊಟ್ಟಿದ್ದೆವು, ಕೇಳಿರಲಿಲ್ಲ. ಇದರ ಅರ್ಥ ನನಗೆ ಗೊತ್ತಾಗಿದ್ದು ಎರಡೂವರೆ ವರ್ಷ ಆದಮೇಲೆ. ಕಾಕಾನ ದಾವೆ ಪೂರ್ತಿ ವಜಾ ಆದರೂ ನಮಗೆ ಸಿಗೋದು ಒಂದು ವಜಾ ಆದೇಶ ಮಾತ್ರ. ಹೊಲದಲ್ಲಿ ಅವರೇ ಇರ್ತಾರೆ.

ಪ್ರತಿವಾದಿ ಅನ್ನೋನು ಬರೀ ಉತ್ತರ ಕೊಡುವವನೋ, ಅದೇ ಕಟ್ಟೆಯಲ್ಲಿ ನಿಂತು ತಾನೂ ಕೇಳಬಹುದೋ? ಇದು ಕಾನೂನಿನ ಪುಸ್ತಕದ ಸಣ್ಣ ಅಕ್ಷರದ ವಿಷಯ ಅನ್ನಿಸುತ್ತೆ. ಆದರೆ ನಮ್ಮ ಕಡೆಯ ಜಮೀನಿನ ಇನ್ನೂರು ವರ್ಷದ ಕಥೆ ಈ ಪ್ರಶ್ನೆಯ ಸುತ್ತಲೇ ಇದೆ. ಆ ಕಥೆಯ ಬಹುಪಾಲು ಕಾಗದ ಇರೋದು ನಾವು ಕೆಲಸ ಮಾಡೋ ಈ ಪುಣೆಯಲ್ಲೇ.

ಪೇಶ್ವೆ ಕಾಲದಿಂದ ಶುರುಮಾಡೋಣ. ಆಗ ಜಮೀನಿನ ಜಗಳ ಅಂದರೆ ಬಹಳ ಸಲ ವತನದ ಜಗಳ. ಪಾಟೀಲಕಿ ಯಾರದು, ಕುಲಕರ್ಣಿ ವತನ ಯಾರದು, ಅದರ ಜೊತೆ ಬರೋ ಇನಾಮು ಹೊಲ ಯಾರದು, ಹೋಳಿಯಲ್ಲಿ ಮೊದಲ ಮರ್ಯಾದೆ ಯಾರಿಗೆ. ತೀರ್ಮಾನ ಆಗುತ್ತಿದ್ದದ್ದು ಗೋತಸಭೆಯಲ್ಲಿ ಅಥವಾ ಪಂಚಾಯತಿಯಲ್ಲಿ. ದೊಡ್ಡದಾದರೆ ಪುಣೆಯ ನ್ಯಾಯಾಧೀಶರವರೆಗೆ. ಇದರ ಬಗ್ಗೆ ವಿ. ಟಿ. ಗುಣೆ ಅನ್ನೋ ವಿದ್ವಾಂಸರು ಮರಾಠರ ನ್ಯಾಯವ್ಯವಸ್ಥೆ ಮೇಲೆ ಬರೆದ ಪುಸ್ತಕ ಇದೆ. ನಮ್ಮ ಯೆರವಡಾ ಹತ್ತಿರದ ಡೆಕ್ಕನ್ ಕಾಲೇಜು 1953ರಲ್ಲಿ ಪ್ರಕಟಿಸಿದ್ದು.

ಅಲ್ಲಿಯ ಪದಗಳನ್ನು ನೋಡಿ. ವಾದಿಗೆ ಅಗ್ರವಾದಿ, ಪ್ರತಿವಾದಿಗೆ ಪಶ್ಚಿಮವಾದಿ. ಅಂದರೆ ಮುಂಚೆ ಮಾತಾಡುವವನು, ಆಮೇಲೆ ಮಾತಾಡುವವನು. ಇಬ್ಬರೂ ವಾದಿಗಳೇ! ಸಭೆ ಕೊಟ್ಟ ತೀರ್ಮಾನಕ್ಕೆ ಬದ್ಧ ಅಂತ ಇಬ್ಬರೂ ಮೊದಲೇ ರಾಜೀನಾಮೆ ಬರೆದುಕೊಡಬೇಕು. ಈಗಿನ ರಾಜೀನಾಮೆ ಅಲ್ಲ, ರಾಜಿಯಾಗಿದ್ದೇವೆ ಅನ್ನೋ ಒಪ್ಪಿಗೆ ಪತ್ರ. ಇಬ್ಬರೂ ಜಾಮೀನು ಕೊಡಬೇಕು. ಇಬ್ಬರೂ ತಮ್ಮ ತಮ್ಮ ತಕರೀರು, ಅಂದರೆ ತಮ್ಮ ಕಡೆಯ ಪೂರ್ತಿ ಹೇಳಿಕೆ ಕೊಡಬೇಕು. ಸಭೆಯ ಮುಂದಿದ್ದ ಪ್ರಶ್ನೆ "ಅಗ್ರವಾದಿ ಹೇಳಿದ್ದು ಸಾಬೀತಾಯಿತೋ ಇಲ್ಲವೋ" ಅಲ್ಲ, "ವತನ ಯಾರದು" ಅನ್ನೋದು. ಗೆದ್ದವನಿಗೆ ಜಯಪತ್ರ. ಸೋತವನು ತನ್ನ ಕೈಯಾರೆ ಯೇಜಿತಖತ ಬರೆದುಕೊಡಬೇಕು, ನಾನು ಸೋತೆ, ನನಗೆ ಇದರ ಮೇಲೆ ಹಕ್ಕಿಲ್ಲ ಅಂತ. ಎಲ್ಲ ಸೇರಿ ಒಂದು ಮಹಜರು ಆಗುತ್ತಿತ್ತು. ಅದರ ಕೆಳಗೆ ಊರವರ ನಿಶಾನಿ: ಅಕ್ಷರ ಬರುವವರ ಸಹಿ, ಪಾಟೀಲನ ನೇಗಿಲು, ಉಳಿದವರಿಗೆ ಅವರವರ ಕಸುಬಿನ ಹತ್ಯಾರದ ಚಿತ್ರ.

ಮಹಜರು ಅನ್ನೋ ಪದ ಕೇಳಿ ನಿಮಗೂ ಏನೋ ನೆನಪಾಗಿರಬೇಕು. ಇವತ್ತು ಮಹಾರಾಷ್ಟ್ರದ ಪೊಲೀಸರು ಪಂಚನಾಮಾ ಅಂತಾರೆ; ಕರ್ನಾಟಕದ ಪೊಲೀಸರು ಮಾತ್ರ ಇನ್ನೂ ಸ್ಥಳ ಮಹಜರು ಅಂತ ಬರೆಯುತ್ತಾರೆ. ಪದ ನಮ್ಮ ಕಡೆ ಉಳಿದಿದೆ, ಕಾಗದ ಇಲ್ಲಿ ಉಳಿದಿದೆ.

ಆ ಕಾಲ ಚೆನ್ನಾಗಿತ್ತು ಅಂತ ಹೇಳ್ತಿಲ್ಲ, ದಯವಿಟ್ಟು ಕಮೆಂಟಿನಲ್ಲಿ ಜಗಳ ಶುರುಮಾಡಬೇಡಿ. ರಾಮಶಾಸ್ತ್ರಿ ಪ್ರಭುಣೆಯಂಥ ನ್ಯಾಯಾಧೀಶರು ಇದ್ದರು, ನಾರಾಯಣರಾವ್ ಪೇಶ್ವೆಯ ಕೊಲೆ ವಿಚಾರದಲ್ಲಿ ಪೇಶ್ವೆ ಮನೆತನವನ್ನೇ ಎದುರು ಹಾಕಿಕೊಂಡವರು. ಆದರೆ ಸಾಕ್ಷಿ ಇಲ್ಲದಿದ್ದರೆ ದಿವ್ಯ ಮಾಡಿಸುತ್ತಿದ್ದ ಕಾಲವೂ ಅದೇ. ಕುದಿಯೋ ಎಣ್ಣೆಯೊಳಗಿನ ಲೋಹದ ಚೂರು ಕೈಯಿಂದ ತೆಗೆಯಬೇಕು, ಕೈ ಸುಟ್ಟರೆ ಸುಳ್ಳುಗಾರ. ಗೆದ್ದವನೂ ಸರ್ಕಾರಕ್ಕೆ ಹರಕಿ ಕಟ್ಟಬೇಕು, ಸೋತವನು ಗುನ್ಹೆಗಾರಿ ಕಟ್ಟಬೇಕು. ಸಭೆಯಲ್ಲಿ ಯಾರ ಮಾತಿಗೆ ಎಷ್ಟು ತೂಕ ಅನ್ನೋದು ಜಾತಿ ನೋಡಿ ನಿರ್ಧಾರ ಆಗುತ್ತಿತ್ತು. ಯೇಜಿತಖತ ಬರೆದುಕೊಟ್ಟವನು ಸುಮ್ಮನಾಗುತ್ತಿದ್ದ ಅಂತಲೂ ಇಲ್ಲ. ಮೊಮ್ಮಗ ಹೊಸ ಸರ್ದಾರನ ಹತ್ತಿರ ಹೋಗಿ ಮತ್ತೆ ಶುರುಮಾಡುತ್ತಿದ್ದ.

ಇದಕ್ಕೆ ಪುಣೆಯದ್ದೇ ಒಂದು ಪ್ರಸಿದ್ಧ ದಾಖಲೆ ಇದೆ. ಗಿನ್ನೆಸ್ ಪುಸ್ತಕದ ಹಳೇ ಆವೃತ್ತಿಗಳಲ್ಲಿ ಜಗತ್ತಿನ ಅತಿ ದೀರ್ಘ ವ್ಯಾಜ್ಯ ಅಂತ ಬರುತ್ತಿತ್ತು. ಮಾಲೋಜಿ ಥೋರಾತ್ 1205ರಲ್ಲಿ ಹೂಡಿದ ದಾವೆ, ಅವರ ವಂಶದ ಬಾಳಾಸಾಹೇಬ ಪಾಟ್ಲೋಜಿ ಥೋರಾತ್ ಪರವಾಗಿ 1966ರ ಏಪ್ರಿಲ್ 28ರಂದು ಪುಣೆಯಲ್ಲಿ ತೀರ್ಪಾಯಿತು, 761 ವರ್ಷ! ವಿಷಯ ಏನು? ಸಾರ್ವಜನಿಕ ಸಮಾರಂಭಗಳಲ್ಲಿ ಅಧ್ಯಕ್ಷತೆಯ ಹಕ್ಕು, ಜಾತ್ರೆ ಹಬ್ಬಗಳಲ್ಲಿ ಮೊದಲ ಮರ್ಯಾದೆ. ನನಗಂತೂ ಇದು ಒಂದೇ ದಾವೆ ಅಂತ ನಂಬಿಕೆ ಬರಲ್ಲ. 1205 ಅಂದರೆ ದೇವಗಿರಿಯ ಸೇವುಣರ ಕಾಲ. ಆಮೇಲೆ ಎಷ್ಟು ರಾಜ್ಯಗಳು ಬಂದು ಹೋದವು. ಒಂದೇ ಜಗಳವನ್ನು ಪ್ರತಿ ಹೊಸ ರಾಜ್ಯದ ಮುಂದೆ ಮತ್ತೆ ಮತ್ತೆ ಹೂಡಿದ್ದಿರಬೇಕು. ಆದರೂ 1966ರ ಪುಣೆ ಕೋರ್ಟಿನಲ್ಲಿ ಮಾನಪಾನದ ವ್ಯಾಜ್ಯ ಜೀವಂತ ಇತ್ತು ಅನ್ನೋದೇ ಸಾಕು.

1818ರಲ್ಲಿ ಪೇಶ್ವೆ ರಾಜ್ಯ ಮುಗಿಯಿತು. ಧಾರವಾಡ, ಬೆಳಗಾವಿ ಕಡೆಯೂ ಕಂಪನಿ ಕೈಗೆ, ಬಾಂಬೆ ಸರ್ಕಾರದ ಕೆಳಗೆ ಬಂತು. ಎಲ್ಫಿನ್‌ಸ್ಟನ್ ಸ್ವಲ್ಪ ದಿನ ಪಂಚಾಯತಿಗಳನ್ನೇ ಉಳಿಸಿ ನೋಡಿದರು. 1827ರಲ್ಲಿ ಬಾಂಬೆ ರೆಗ್ಯುಲೇಷನ್‌ಗಳು ಬಂದವು, ನಿಧಾನಕ್ಕೆ ಕಚೇರಿ ಕೋರ್ಟು ಗಟ್ಟಿಯಾಯಿತು. ಜಮೀನು ಅಳತೆಯೂ ಇಲ್ಲಿಂದಲೇ ಶುರು. 1835-36ರಲ್ಲಿ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಅನ್ನೋ ಇಬ್ಬರು ಪುಣೆ ಜಿಲ್ಲೆಯ ಇಂದಾಪುರ ತಾಲೂಕಿನಲ್ಲಿ ಹೊಸ ಸರ್ವೆ ಮಾಡಿದರು. ಸೋಲಾಪುರ ಮೇಲೆ ವಿಜಯಪುರಕ್ಕೆ ಹೋಗೋ ಬಸ್ಸು ಹಾಯುತ್ತಲ್ಲ, ಅದೇ ಇಂದಾಪುರ. ಅದೇ ಪದ್ಧತಿ ಮುಂದಿನ ದಶಕದಲ್ಲಿ ಧಾರವಾಡ ಸೀಮೆಗೆ ಬಂತು. ನಿಮ್ಮೂರ ಹೊಲದ ಸರ್ವೆ ನಂಬರಿನ ಅಜ್ಜನ ಮನೆ ಅದು. ಆದರೆ ಆ ಪುಸ್ತಕ ಬರೆದಿದ್ದು ಕಂದಾಯ ಯಾರು ಕಟ್ಟಬೇಕು ಅನ್ನೋದಕ್ಕೆ. ಮಾಲೀಕ ಯಾರು ಅಂತ ಹೇಳೋದಕ್ಕಲ್ಲ. ಕಂದಾಯ ದಾಖಲೆಯಿಂದ ಮಾಲೀಕತ್ವ ಹುಟ್ಟಲ್ಲ ಅಂತ ಸುಪ್ರೀಂ ಕೋರ್ಟು ಇವತ್ತಿಗೂ ಹೇಳುತ್ತಲೇ ಇದೆ. ನಾವು ಇವತ್ತಿಗೂ ಉತಾರ ಹಿಡಿದುಕೊಂಡು ಕುಣಿಯುತ್ತಲೇ ಇದ್ದೇವೆ.

ಈಗ ಬರುತ್ತೆ ನನ್ನನ್ನು ಹೆಚ್ಚು ಕಾಡಿದ ಭಾಗ. ಕಂಪನಿ ಸರ್ಕಾರಕ್ಕೆ ಇನಾಮು ಹೊಲಗಳು ಕಣ್ಣಿಗೆ ಚುಚ್ಚುತ್ತಿದ್ದವು, ಯಾಕೆಂದರೆ ಅವು ಕಂದಾಯ ಕಟ್ಟಲ್ಲ ಅಥವಾ ಕಡಿಮೆ ಕಟ್ಟುತ್ತವೆ. 1843ರಲ್ಲಿ ದಕ್ಷಿಣ ಮರಾಠಾ ಸೀಮೆಯಲ್ಲಿ, ಅಂದರೆ ನಮ್ಮ ಧಾರವಾಡ ಬೆಳಗಾವಿ ಕಡೆಯೇ, ವಿಚಾರಣೆ ಶುರುವಾಯಿತು. 1852ರ 11ನೇ ಕಾಯ್ದೆಯಿಂದ ಅದಕ್ಕೆ ಕಾನೂನಿನ ಹಲ್ಲು ಬಂತು: ಇನಾಮ್ ಕಮಿಷನ್. ಹಿಡುವಳಿದಾರ ತನ್ನ ಸನದು ತೋರಿಸಬೇಕು, ಸಾಬೀತು ಮಾಡೋ ಭಾರ ಅವನ ಮೇಲೆ. ಕೇಳುವವರು ಸರ್ಕಾರ, ತೀರ್ಪು ಕೊಡುವವರೂ ಸರ್ಕಾರದ ಅಧಿಕಾರಿ, ಮೇಲ್ಮನವಿ ಹೋಗೋದೂ ಸರ್ಕಾರಕ್ಕೇ. ಸಿವಿಲ್ ಕೋರ್ಟಿನ ಬಾಗಿಲು ಮುಚ್ಚಿತ್ತು. ಅಜ್ಜನ ಕಾಲದ ಕಾಗದ ಗೆದ್ದಲು ತಿಂದಿದ್ದರೆ ಮುಗೀತು. ಐದಾರು ವರ್ಷದಲ್ಲಿ ಸುಮಾರು 20,000 ಹಿಡುವಳಿಗಳು ಜಪ್ತಿಯಾದವು ಅಂತ ಇತಿಹಾಸದ ಪುಸ್ತಕಗಳಲ್ಲಿ ಬರುತ್ತೆ.

ಗೋತಸಭೆಯ ಪಶ್ಚಿಮವಾದಿಗೆ ತನ್ನ ಹಕ್ಕು ಹೇಳೋ ಜಾಗ ಇತ್ತು. ಇನಾಮ್ ಕಮಿಷನ್ ಮುಂದೆ ನಿಂತ ದೇಸಾಯಿಗೆ ಉತ್ತರ ಕೊಡೋದು ಮಾತ್ರ ಉಳಿಯಿತು. ತನ್ನದೇ ಪ್ರಶ್ನೆ ಕೇಳೋ ಕಟ್ಟೆ ಇಲ್ಲ. ನರಗುಂದದ ಬಾಬಾಸಾಹೇಬ ಭಾಸ್ಕರರಾವ್ ಭಾವೆಯ ದಂಗೆ ಎಲ್ಲರೂ ಶಾಲೆಯಲ್ಲಿ ಓದಿದ್ದೇವೆ. ಅದರ ನೇರ ಕಾರಣ ದತ್ತು ನಿರಾಕರಣೆ. ಆದರೆ 1858ರ ಮೇ ಕೊನೆಗೆ ಸುರೇಬಾನದಲ್ಲಿ ಕೊಲೆಯಾದ ಪೊಲಿಟಿಕಲ್ ಏಜೆಂಟ್ ಮ್ಯಾನ್‌ಸನ್ ಮೊದಲು ಇನಾಮ್ ಕಮಿಷನ್ನಿನಲ್ಲಿ ಕೆಲಸ ಮಾಡಿದ್ದ ಮನುಷ್ಯ. ಊರೂರಿನ ಸಿಟ್ಟು ಎಲ್ಲಿಂದ ಬಂದಿತ್ತು ಅಂತ ಊಹಿಸಬಹುದು. ದಂಗೆಯ ಬಿಸಿ ತಟ್ಟಿದ ಮೇಲೆ ಸರ್ಕಾರ ಮೆತ್ತಗಾಯಿತು. 1863ರಲ್ಲಿ ಬಾಂಬೆಯ 2ನೇ ಕಾಯ್ದೆ ಬಂತು. ಪೂರ್ತಿ ವಿಚಾರಣೆ ಬೇಡ, ಕಂದಾಯದ ಒಂದು ಪಾಲು ಕಟ್ಟಲು ಒಪ್ಪಿಕೊಳ್ಳಿ, ಹಕ್ಕು ಕಾಯಂ ಅಂತ. ಕೋರ್ಟಿನ ಹೊರಗಿನ ರಾಜಿ ಅನ್ನಿ.

ಕಮಿಷನ್ನಿನವರು ತಾಳೆ ನೋಡೋದಕ್ಕೆ ಬಳಸಿದ್ದು ಪೇಶ್ವೆಗಳ ಲೆಕ್ಕಪತ್ರ. ಅದೇ ಪೇಶ್ವೆ ದಫ್ತರ. ಕೌನ್ಸಿಲ್ ಹಾಲ್ ಹತ್ತಿರ 1891ರ ಕಲ್ಲಿನ ಕಟ್ಟಡ ಇದೆ, ಹಳೇ ಹೆಸರು ಏಲಿಯನೇಷನ್ ಆಫೀಸ್. ಕೋಟಿಗಟ್ಟಲೆ ಹಾಳೆ, ಬಹುತೇಕ ಮೋಡಿ ಲಿಪಿಯಲ್ಲಿ. ಗೋ. ಸ. ಸರದೇಸಾಯಿ 1930ರ ದಶಕದ ಮೊದಲಲ್ಲಿ ಅದರಿಂದ ಆಯ್ದು 45 ಸಂಪುಟ ಮಾಡಿದರು, ಅದೇ ಸಮುದ್ರದ ಒಂದು ಚೊಂಬು. ಒಂದು ಶುಕ್ರವಾರ ರಜೆ ಹಾಕಿ ನಾನೂ ಹೋದೆ. ಮನಸ್ಸಿನಲ್ಲಿ ಕೆರಿ ಹೊಲದ ಕಾಗದ ಸಿಕ್ಕೇಬಿಡುತ್ತೆ ಅನ್ನೋ ಆಸೆ. ಅಲ್ಲಿ ಒಂದು ಕಟ್ಟು ಬಿಚ್ಚಿ ತೋರಿಸಿದರು. ಒಂದಕ್ಷರ ಓದಲು ಬರಲಿಲ್ಲ. ಮೋಡಿ ಓದುವ ಹಿರಿಯರೊಬ್ಬರು ಪಕ್ಕದಲ್ಲಿ ಕೂತಿದ್ದರು, ಮರಾಠಿಯಲ್ಲಿ ಕೇಳಿದರು, ನಿಮ್ಮ ಕೇಸು ಯಾವ ವರ್ಷದ್ದು ಅಂತ. 2019 ಅಂದೆ. ಅವರು ನಕ್ಕರು. ಕೇಸಿಗೆ ಒಂದು ಚೂರು ಉಪಯೋಗ ಆಗಲಿಲ್ಲ, ಆದರೆ ಈ ವಿಡಿಯೋ ಹುಟ್ಟಿದ್ದು ಆ ಶುಕ್ರವಾರ.

ಮತ್ತೆ ಕೋರ್ಟಿಗೆ ಬರೋಣ. 1859ರಲ್ಲಿ ಬ್ರಿಟಿಷ್ ಭಾರತಕ್ಕೆ ಮೊದಲ ಸಿವಿಲ್ ಪ್ರಕ್ರಿಯಾ ಸಂಹಿತೆ ಬಂತು. ಆಮೇಲೆ 1877, 1882, ಕೊನೆಗೆ ಈಗಲೂ ನಡೆಯುತ್ತಿರೋ 1908ರದ್ದು. ಇವುಗಳಲ್ಲಿ ಪ್ರತಿವಾದಿಗೆ ಒಂದು ಕಿಟಕಿ ಇತ್ತು: ಸೆಟ್-ಆಫ್, ಅಂದರೆ ವಜಾಬಾಕಿ. ನೀನು ನನ್ನಿಂದ ಸಾವಿರ ರೂಪಾಯಿ ಕೇಳ್ತಿದ್ದೀಯ, ನೀನೇ ನನಗೆ ಆರುನೂರು ಕೊಡಬೇಕು, ಕಳೆದುಕೋ. ಬರೀ ದುಡ್ಡಿಗೆ, ಅದೂ ಲೆಕ್ಕ ಖಚಿತ ಇರೋ ದುಡ್ಡಿಗೆ. ಹೊಲದ ವಿಷಯಕ್ಕೆ ಆ ಕಿಟಕಿಯೂ ಇಲ್ಲ. ಬೇರೆ ದಾವೆ ಹಾಕು, ಬೇರೆ ಶುಲ್ಕ ಕಟ್ಟು, ಬೇರೆ ತಾರೀಖಿಗೆ ಅಲೆ. ಒಂದೇ ಬಾಂದಿನ ಎರಡು ಬದಿಗೆ ಎರಡು ದಾವೆ, ಎರಡು ತೀರ್ಪು. ಕೆಲವು ಸಲ ಒಂದಕ್ಕೊಂದು ಉಲ್ಟಾ.

ತಮಾಷೆ ಏನು ಗೊತ್ತಾ? ಈ ಕಾನೂನು ಕೊಟ್ಟ ಇಂಗ್ಲೆಂಡ್ 1873ರ ಜುಡಿಕೇಚರ್ ಕಾಯ್ದೆಯಲ್ಲೇ ಕೌಂಟರ್ ಕ್ಲೇಮ್ ಅನ್ನೋದನ್ನು ತನ್ನವರಿಗೆ ಕೊಟ್ಟಿತ್ತು. ಪ್ರತಿವಾದಿ ಅದೇ ದಾವೆಯಲ್ಲಿ ತಾನೂ ಕೇಳಬಹುದು ಅಂತ. ನಮಗೆ ಅದು ಬಂದಿದ್ದು 1976ರ ತಿದ್ದುಪಡಿಯಲ್ಲಿ, ಜಾರಿ 1977ರ ಫೆಬ್ರುವರಿ 1ರಿಂದ. ನೂರು ವರ್ಷ ಲೇಟು! ನಡುವೆ ಸುಪ್ರೀಂ ಕೋರ್ಟು 1963ರಲ್ಲಿ ಕಾಬ್ರಾವಾಲಾ ಅನ್ನೋ ಪಾಲುದಾರಿಕೆ ಪ್ರಕರಣದಲ್ಲಿ, ಸಂಹಿತೆಯಲ್ಲಿ ಬರೆದಿಲ್ಲದಿದ್ದರೂ ಪ್ರತಿವಾದಿಯ ಬೇಡಿಕೆಯನ್ನು ಒಂದು ಪ್ರತ್ಯೇಕ ದಾವೆ ಅಂತ ನೋಡಲು ಕೋರ್ಟಿಗೆ ಅಡ್ಡಿಯಿಲ್ಲ ಅಂದಿತ್ತು. ಆದರೆ ತಾಲೂಕು ಕೋರ್ಟಿನ ರೈತನಿಗೆ ಅದು ಎಲ್ಲಿ ಮುಟ್ಟಬೇಕು.

1976ರಲ್ಲಿ ಬಂದಿದ್ದು ಆರ್ಡರ್ 8ರ ರೂಲ್ 6ಎ ಇಂದ 6ಜಿ. ಪುಟ ಎರಡೇ, ಆದರೆ ಒಂದೊಂದು ಸಾಲಿಗೂ ಬೆಲೆ ಇದೆ. 6ಎ ಪ್ರಕಾರ ಪ್ರತಿವಾದಿ ತನ್ನ ಯಾವುದೇ ಹಕ್ಕು ಕೇಳಬಹುದು. ಅದಕ್ಕೆ ಕಾರಣ ದಾವೆಗೆ ಮುಂಚೆ ಹುಟ್ಟಿರಲಿ, ಆಮೇಲೆ ಹುಟ್ಟಿರಲಿ, ಅವನು ತನ್ನ ಉತ್ತರ ಕೊಡುವುದರೊಳಗೆ ಅಥವಾ ಉತ್ತರದ ಅವಧಿ ಮುಗಿಯೋದರೊಳಗೆ ಹುಟ್ಟಿರಬೇಕು. ಆ ಬೇಡಿಕೆಗೆ ದಾವೆಯಷ್ಟೇ ಅಂತಸ್ತು, ಕೋರ್ಟ್ ಶುಲ್ಕವೂ ಇದೆ. 6ಡಿ ಇನ್ನೂ ಚೆಂದ. ವಾದಿ ತನ್ನ ದಾವೆ ಹಿಂತೆಗೆದರೂ, ಅದು ವಜಾ ಆದರೂ, ಕೌಂಟರ್ ಕ್ಲೇಮ್ ಬದುಕಿರುತ್ತೆ. ಹೊಸ ಬ್ರಾಂಚ್ ತೆಗೆದ ಮೇಲೆ ಹಳೇದು ಡಿಲೀಟ್ ಆದರೂ ಇದು ನಡೀತಾ ಇರುತ್ತಲ್ಲ, ಹಾಗೆ.

ಈ ಬಾಗಿಲಿಗೆ ಒಂದು ಅಗುಳಿಯೂ ಇದೆ, ಅದು 6ಸಿ. ಈ ಬೇಡಿಕೆ ಇಲ್ಲಿ ಬೇಡ, ಬೇರೆ ದಾವೆಯಲ್ಲಿ ನೋಡಿಕೊಳ್ಳಲಿ ಅಂತ ವಾದಿ ಅರ್ಜಿ ಹಾಕಬಹುದು. ಕೌಂಟರ್ ಕ್ಲೇಮ್ ಬಗ್ಗೆ ವಿವಾದಾಂಶ ನಿಗದಿಯಾಗೋ ಮುಂಚೆ ಹಾಕಬೇಕು. ಕೋರ್ಟಿಗೆ ಸರಿ ಅನ್ನಿಸಿದರೆ ಅದನ್ನು ತೆಗೆದು ಹೊರಗಿಡುತ್ತೆ. ಕೇಳೋದಕ್ಕೆ ನಿರಪಾಯ ಅನ್ನಿಸುತ್ತೆ, ಹೊರಗಿಟ್ಟರೆ ಏನಂತೆ, ಬೇರೆ ಹಾಕಿದರಾಯ್ತು. ಆದರೆ ಕಾಲಮಿತಿ ಕಾಯ್ದೆಯಲ್ಲಿ ಕೌಂಟರ್ ಕ್ಲೇಮ್ ಹುಟ್ಟಿದ ದಿನ ಅಂದರೆ ಅದನ್ನು ಕೋರ್ಟಿಗೆ ಕೊಟ್ಟ ದಿನ. ಅದು ಹೊರಗೆ ಬಿದ್ದು ನೀವು ಹೊಸ ದಾವೆ ಹಾಕಿದರೆ, ಗಡಿಯಾರ ಹೊಸ ದಿನ ನೋಡುತ್ತೆ. ಒಳ್ಳೇ ನಂಬಿಕೆಯಿಂದ ತಪ್ಪು ಕೋರ್ಟಿನಲ್ಲಿ ಕಳೆದ ಸಮಯ ಬಿಟ್ಟುಕೊಡಿ ಅಂತ ಕೇಳೋ ದಾರಿ ಇದೆ, ಆದರೆ ಅದು ಮತ್ತೊಂದು ವಾದ. ಮಾಲೀಕತ್ವದ ಮೇಲೆ ಕಬ್ಜಾ ಕೇಳಲು ಇರೋದು 12 ವರ್ಷ, ಎದುರಿನವನು ಇದು ನನ್ನದೇ ಅಂತ ಹಿಡಿದ ದಿನದಿಂದ. ಅದು ದಾಟಿದರೆ ಪರಿಹಾರ ಮಾತ್ರ ಅಲ್ಲ, ಹಕ್ಕೇ ನಂದಿಹೋಗುತ್ತೆ.

ಹಾಗಾದರೆ ಕೌಂಟರ್ ಕ್ಲೇಮ್ ಎಷ್ಟು ತಡವಾಗಿ ಹಾಕಬಹುದು? ಇದಕ್ಕೆ ಉತ್ತರ 2019ರ ನವೆಂಬರ್ 19ರಂದು ಅಶೋಕ್ ಕುಮಾರ್ ಕಾಲ್ರಾ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳು ಕೊಟ್ಟರು. ಲಿಖಿತ ಹೇಳಿಕೆ ಕೊಟ್ಟ ಮೇಲೂ ಹಾಕಬಹುದು, ಆದರೆ ವಿವಾದಾಂಶ ನಿಗದಿಯಾದ ಮೇಲೆ ಇಲ್ಲ ಅಂತ ಬಹುಮತ. ಆ ಪೀಠದಲ್ಲಿದ್ದ ಮೋಹನ ಶಾಂತನಗೌಡರ ನಮ್ಮ ಹಾವೇರಿ ಜಿಲ್ಲೆ ಚಿಕ್ಕೇರೂರಿನವರು. ಅವರು ಸ್ವಲ್ಪ ಬೇರೆ ಬರೆದರು. ಅಪರೂಪದ ಸಂದರ್ಭದಲ್ಲಿ, ವಾದಿಯ ಸಾಕ್ಷಿ ಶುರುವಾಗೋವರೆಗೂ ಕೋರ್ಟು ಒಪ್ಪಬಹುದು ಅಂತ. ಹಳ್ಳಿ ಕಡೆಯ ಕೋರ್ಟು ಕಂಡವರ ಮಾತು ಅಂತ ನನಗೆ ಅನ್ನಿಸಿತು, ಇದು ನನ್ನ ಪಕ್ಷಪಾತವೂ ಇರಬಹುದು. 2021ರ ಏಪ್ರಿಲ್‌ನಲ್ಲಿ, ಸೇವೆಯಲ್ಲಿರುವಾಗಲೇ ಅವರು ತೀರಿಕೊಂಡರು.

ನಮ್ಮ ಕೇಸಿನಲ್ಲಿ ಇಶ್ಯೂಸ್ ಆಗಿದ್ದು 2021ರಲ್ಲಿ. ಅದೇ ವರ್ಷ ಅಪ್ಪ ಹೋದರು. ಅವ್ವ, ನಾನು ವಾರಸುದಾರರಾಗಿ ಬಂದೆವು. ಅದಕ್ಕೆ ಮುಂಚೆ ವಕೀಲರ ಕಚೇರಿಯಿಂದ ನನಗೆ ಎರಡು ಸಲ ಫೋನು ಬಂದಿತ್ತು, "ಒಮ್ಮೆ ಬಂದು ಹೋಗ್ರಿ, ಕೌಂಟರ್ ಹಾಕೂದೈತಿ, ನಿಮ್ಮಪ್ಪಾರ ಕಾಗದ ಬೇಕು" ಅಂತ. ಮುಂದಿನ ತಿಂಗಳು ಬರ್ತೀನಿ ಅಂದೆ. ಎರಡೂ ಸಲ. ಪುಣೆಯಿಂದ ಹುಬ್ಬಳ್ಳಿ ಒಂದು ರಾತ್ರಿಯ ಬಸ್ಸು, ನನಗೆ ಆ ಒಂದು ರಾತ್ರಿ ಸಿಗಲಿಲ್ಲ. ಕೊನೆಗೆ ಕೌಂಟರ್ ಕ್ಲೇಮ್ ಹಾಕಿದ್ದು 2022ರ ಜುಲೈನಲ್ಲಿ. ಕಾಕಾನ ಕಡೆಯವರು ತಕರಾರು ತೆಗೆದರು: ಇಶ್ಯೂಸ್ ಆಗಿದೆ, ಇದನ್ನು ತೆಗೆದುಹಾಕಿ. ಕಾಲ್ರಾ ತೀರ್ಪನ್ನೇ ಇಟ್ಟರು. 2023ರ ಫೆಬ್ರುವರಿಯಲ್ಲಿ ನಮ್ಮ ಕೌಂಟರ್ ಕ್ಲೇಮ್ ತಿರಸ್ಕಾರ ಆಯಿತು, ಬೇಕಿದ್ದರೆ ಪ್ರತ್ಯೇಕ ದಾವೆ ಹಾಕಿಕೊಳ್ಳಲಿ ಅಂತ. ನ್ಯಾಯಾಧೀಶರದ್ದು ತಪ್ಪಿಲ್ಲ.

ಆ ದಿನ ಕೋರ್ಟಿನ ಹೊರಗೆ ಚಹಾದಂಗಡಿಯಲ್ಲಿ ಕಾಕಾ ಸಿಕ್ಕರು. ನನ್ನ ಚಹಾದ ದುಡ್ಡೂ ಅವರೇ ಕೊಟ್ಟರು. "ತಮ್ಮಾ, ನಿಮ್ಮಪ್ಪ ಇದ್ದಾಗ ಒಂದ್ ದಿನಾನೂ ಹೊಲಾ ಕೇಳಲಿಲ್ಲ. ನೀ ಈಗ ಪುಣೇದಿಂದ ಬಂದು ಕೇಳಾಕತ್ತಿ" ಅಂದರು. ನನಗೆ ಉತ್ತರ ಹೊಳೆಯಲಿಲ್ಲ. ಅಪ್ಪ ನಿಜವಾಗಿಯೂ ಬಾಯಿ ಬಿಟ್ಟು ಕೇಳಿರಲಿಲ್ಲ. ತಮ್ಮನ ಹತ್ತಿರ ಏನು ಕೇಳೋದು ಅನ್ನುತ್ತಿದ್ದರು.

2011ರ ಜೂನ್‌ನಿಂದ ಲೆಕ್ಕ ಹಾಕಿದರೆ 12 ವರ್ಷ ತುಂಬೋದು 2023ರ ಜೂನ್. ಏಪ್ರಿಲ್‌ನಲ್ಲಿ ಹೊಸ ದಾವೆ ಹಾಕಿದೆವು, ಘೋಷಣೆ ಮತ್ತು ಕಬ್ಜಾಕ್ಕೆ. ಎರಡು ತಿಂಗಳು ಬಾಕಿ ಇತ್ತು. ಕಾಕಾನ ಕಡೆಯವರು 1998ರಿಂದಲೇ ಎಣಿಸಬೇಕು ಅಂತಾರೆ. ಹಾಗೆ ಎಣಿಸಿದರೆ ನಮ್ಮದು ಎಂದೋ ಮುಗಿದಿದೆ. ಅಣ್ಣನ ಒಪ್ಪಿಗೆಯಿಂದ ಉಳುತ್ತಿದ್ದದ್ದು ವಿರುದ್ಧದ ಕಬ್ಜಾ ಆಗಲ್ಲ ಅನ್ನೋದು ನಮ್ಮ ವಾದ. ಅದು ಕೋರ್ಟಿನಲ್ಲಿದೆ, ಇಲ್ಲಿ ಬೇಡ.

ಗೆದ್ದರೂ ಹೊಲ ಸಿಗುತ್ತೆ ಅಂತ ಖಾತ್ರಿ ಇಲ್ಲ ಅನ್ನೋದಕ್ಕೆ ನಮ್ಮ ಪಾಷಾಣ್‌ದೇ ಉದಾಹರಣೆ ಇದೆ. ಒಂದು ಕುಟುಂಬ 1950ರಲ್ಲಿ ಅಲ್ಲಿ ಸುಮಾರು 24 ಎಕರೆ ಕೊಂಡಿತ್ತು. 1963ರಲ್ಲಿ ಸರ್ಕಾರ ಕಬ್ಜಾ ತಗೊಂಡಿತು. ಅವರು ದಾವೆ ಹಾಕಿ ಸುಪ್ರೀಂ ಕೋರ್ಟಿನವರೆಗೆ ಗೆದ್ದರು. ಡಿಕ್ರಿ ಜಾರಿ ಮಾಡಲು ಹೋದರೆ ಆ ಜಾಗ ರಕ್ಷಣಾ ಸಂಸ್ಥೆಯ ಕೈಯಲ್ಲಿ. ಬದಲಿಗೆ ಕೊಟ್ಟ ಜಮೀನು ಅರಣ್ಯ ಅಂತ ಆಮೇಲೆ ಗೊತ್ತಾಯಿತು. 2024ರ ಆಗಸ್ಟ್‌ನಲ್ಲೂ ಪರಿಹಾರ ಎಷ್ಟು ಅಂತ ಸುಪ್ರೀಂ ಕೋರ್ಟಿನಲ್ಲಿ ಜಗಳ ನಡೆದೇ ಇತ್ತು. ಲಾಡಕಿ ಬಹೀಣ್ ಯೋಜನೆ ನಿಲ್ಲಿಸಬೇಕಾಗುತ್ತೆ ಅಂತ ಕೋರ್ಟು ರಾಜ್ಯ ಸರ್ಕಾರವನ್ನು ಗದರಿಸಿದ ಸುದ್ದಿ ನೀವು ನೋಡಿರಬಹುದು. ಆ ರಸ್ತೆಯಲ್ಲಿ ಬಾಣೇರ್‌ಗೆ ಹೋಗುವಾಗ ಈಗ ನನಗೆ ಅದೇ ನೆನಪು.

ಕೊನೆಯ ವಿಷಯ. ಕಾಕಾನ ಮಗನೂ ಇಲ್ಲೇ ವಾಕಡ್‌ನಲ್ಲಿದ್ದಾನೆ, ಟೆಸ್ಟಿಂಗ್‌ನಲ್ಲಿ. ಈ ಚಾನೆಲ್ ನೋಡ್ತಾನೋ ಇಲ್ಲವೋ ಗೊತ್ತಿಲ್ಲ. ಹೊಸ ದಾವೆಯ ಸಮನ್ಸು ಮುಟ್ಟಿದ ವಾರ ಫೋನ್ ಮಾಡಿದ. "ಅಣ್ಣಾ, ಸಿಟ್ಟಾಗಬ್ಯಾಡ. ಉತ್ತರಾ ಕೊಡಾಕ ಎಷ್ಟ್ ದಿನಾ ಇರ್ತೈತಿ? ಅಪ್ಪಗ ಅಡ್ಡಾಡಾಕ ಆಗವಲ್ದು, ನನಗ ರಜಾ ಇಲ್ಲ."

30 ದಿನ, ಕಾರಣ ಕೊಟ್ಟರೆ 90 ಅಂದೆ. ಫೋನ್ ಇಡೋಕೆ ಮುಂಚೆ ಸ್ವಲ್ಪ ಹೊತ್ತು ಸುಮ್ಮನಿದ್ದೆ. 2019ರ ಆಗಸ್ಟ್‌ನಲ್ಲಿ ರವೀಂದರ್ ಕೌರ್ ಗ್ರೇವಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ, 12 ವರ್ಷ ವಿರುದ್ಧ ಕಬ್ಜಾದಲ್ಲಿದ್ದವನು ಅದನ್ನು ಬರೀ ಗುರಾಣಿ ಅಂತ ಹಿಡಿಯಬೇಕಿಲ್ಲ, ಕತ್ತಿ ಮಾಡಿಕೊಂಡು ಮಾಲೀಕತ್ವವನ್ನೇ ಕೇಳಬಹುದು ಅಂತ. ಅಂದರೆ ನಮ್ಮ ದಾವೆಯಲ್ಲಿ ಕಾಕಾ ಹೊಲ ತನ್ನದೇ ಅಂತ ಘೋಷಿಸಿ ಎಂದು ಕೌಂಟರ್ ಕ್ಲೇಮ್ ಹಾಕಬಹುದು.

"ಏನಾದ್ರೂ ಕೇಳೋದಿದ್ರ ಉತ್ತರದ ಜೋಡೀನ ಕೇಳ್ರಿ, ಇಶ್ಯೂಸ್ ಆದಮ್ಯಾಲ ತಗೊಳ್ಳಂಗಿಲ್ಲ" ಅಂದೆ. ಬರ್ಕೋತೀನಿ ತಡಿ ಅಣ್ಣಾ ಅಂತ ಪೆನ್ನು ಹುಡುಕಲು ಹೋದ.